ಊರಿನ ರಂಗಮಂದಿರ ನವೀಕರಿಸಲು ಹೊರಟವರಿಗೆ

ನಮ್ಮ ತಾಲ್ಲೂಕು ಕೇಂದ್ರಗಳ ರಂಗಮಂದಿರಗಳಲ್ಲಿ ಹೆಚ್ಚಿನವಕ್ಕೆ ಈಗ ಮೂವತ್ತು ನಲವತ್ತು ವರ್ಷ ತುಂಬಿದೆ. ತಾರಸಿ ಸೋರುತ್ತದೆ, ಹಿಂದಿನ ಸಾಲಿನಲ್ಲಿ ಕೂತವರಿಗೆ ಮಾತು ಕಲಸಿಕೊಂಡು ಕೇಳುತ್ತದೆ, ನಟರು ವೇಷ ಹಾಕಿಕೊಳ್ಳುವ ಬಣ್ಣದ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿರುತ್ತಾರೆ. ಚಿತ್ರಕಲಾ ಪ್ರದರ್ಶನವೆಂದರೆ ವರಾಂಡದಲ್ಲಿ ಹಗ್ಗ ಕಟ್ಟಿ ಚಿತ್ರಗಳನ್ನು ತೂಗುಹಾಕುವುದೇ ಆಗಿದೆ. ಎಲ್ಲಿಂದಲೋ ಒಂದಿಷ್ಟು ಹಣ ಬರುವ ಸೂಚನೆ ಸಿಕ್ಕಿದೊಡನೆ ಸಮಿತಿ ಸಭೆಯಲ್ಲಿ ಮೊದಲು ಏಳುವ ಮಾತು: "ಆಸನ ಎಷ್ಟು ಹೆಚ್ಚು ಮಾಡಬಹುದು?"

ಆ ಪ್ರಶ್ನೆಯನ್ನು ಪಕ್ಕಕ್ಕಿಡಿ ಎಂದು ಹೇಳುವುದಕ್ಕೇ ಈ ಲೇಖನ. ಊರಿನ ಕಲಾಕೇಂದ್ರಕ್ಕೆ ಬೇಕಿರುವುದು ಹೆಚ್ಚು ಕುರ್ಚಿಯಲ್ಲ, ಹೆಚ್ಚು ತಾಲೀಮು. ವರ್ಷದಲ್ಲಿ ಪ್ರದರ್ಶನ ನಡೆಯುವ ದಿನಗಳಿಗಿಂತ ನಡೆಯದ ದಿನಗಳೇ ಹೆಚ್ಚು. ಆ ದಿನಗಳಲ್ಲಿ ಬೀಗ ತೆಗೆದು ಒಳಗೆ ಯಾರು ಏನು ಕಲಿಯುತ್ತಾರೆ ಎಂಬುದರ ಮೇಲೆ ಕೇಂದ್ರದ ಬದುಕು ನಿಂತಿದೆ. ಹಣವನ್ನೂ ಜಾಗವನ್ನೂ ಆ ಲೆಕ್ಕದಲ್ಲಿ ಹಂಚಬೇಕು.

ನಕ್ಷೆಗೆ ಮೊದಲು ಬಳಸುವವರ ಮಾತು

ಇಂಜಿನಿಯರನ್ನು ಕರೆಯುವ ಮೊದಲು ಹಿಂದಿನ ಎರಡು ವರ್ಷದ ಬುಕಿಂಗ್ ರಿಜಿಸ್ಟರ್ ತೆಗೆದು ಕೂತುಕೊಳ್ಳಿ. ನಾಟಕ ಎಷ್ಟು, ಭರತನಾಟ್ಯದ ರಂಗಪ್ರವೇಶ ಎಷ್ಟು, ಯಕ್ಷಗಾನ ಎಷ್ಟು, ಶಾಲಾ ವಾರ್ಷಿಕೋತ್ಸವ ಎಷ್ಟು, ಸರ್ಕಾರಿ ಜಯಂತಿಗಳೆಷ್ಟು, ಮದುವೆ ಆರತಕ್ಷತೆ ಎಷ್ಟು ಎಂದು ಬೇರೆಬೇರೆಯಾಗಿ ಪಟ್ಟಿ ಮಾಡಿ. ಪ್ರತಿ ಸಲ ಸುಮಾರು ಎಷ್ಟು ಜನ ಬಂದಿದ್ದರೆಂದು ಕಾವಲುಗಾರನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ. ಆರುನೂರು ಆಸನದ ಸಭಾಂಗಣ ವರ್ಷದಲ್ಲಿ ಬೆರಳೆಣಿಕೆಯ ದಿನ ಮಾತ್ರ ತುಂಬುತ್ತದೆ, ನಾಟಕಕ್ಕೆ ಇನ್ನೂರು ಮುನ್ನೂರು ಜನ ಬರುತ್ತಾರೆ ಎಂದು ಪಟ್ಟಿ ಹೇಳಿದರೆ, ಎಂಟುನೂರು ಆಸನದ ಆಸೆ ಅಲ್ಲಿಗೇ ಬಿಟ್ಟುಬಿಡಿ. ಬೆಂಗಳೂರಿನಂಥ ಊರಿನಲ್ಲಿ 2004ರಲ್ಲಿ ತೆರೆದ ರಂಗಶಂಕರಕ್ಕೇ ಇರುವುದು ಮುನ್ನೂರ ಚಿಲ್ಲರೆ ಆಸನ. ನಟನ ಮುಖ ಕೊನೆಯ ಸಾಲಿಗೂ ಕಾಣುವುದರಿಂದಲೇ ಅದು ನಾಟಕದವರ ಮನೆಯಾಗಿದೆ.

ಆಮೇಲೆ ಕಲಾವಿದರ ಜೊತೆ ಮಾತಾಡಿ. ಊರಿನ ಹವ್ಯಾಸಿ ತಂಡದವರು, ನೃತ್ಯ ಶಿಕ್ಷಕಿಯರು, ಭಜನಾ ಮಂಡಳಿ, ಡ್ರಾಯಿಂಗ್ ಮೇಷ್ಟ್ರು, ಮೈಕ್‌ಸೆಟ್‌ನವರು ಎಲ್ಲರೂ ಇರಲಿ. ಹೊರಗಿನಿಂದ ಬರುವ ತಿರುಗಾಟದ ತಂಡಗಳನ್ನಂತೂ ಮರೆಯಬೇಡಿ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ 1985ರಿಂದ ತಿರುಗಾಟ ಕಳಿಸುತ್ತಿದೆ. ರಂಗಾಯಣದ ತಂಡಗಳೂ ಊರೂರು ಸುತ್ತುತ್ತವೆ. ಇಂಥ ತಂಡಗಳ ಬೆಳಕಿನವರು, ರಂಗಸಜ್ಜಿಕೆಯವರು ರಾಜ್ಯದ ನೂರಾರು ವೇದಿಕೆಗಳ ಮೇಲೆ ಕೆಲಸ ಮಾಡಿದವರು. ಲಾರಿ ಎಲ್ಲಿ ನಿಲ್ಲಬೇಕು, ಸೆಟ್ ಯಾವ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ಪ್ಲಗ್ ಪಾಯಿಂಟ್ ಬಿಸಿಯಾಗುತ್ತದೆ ಎಂದು ಅವರು ಅರ್ಧ ಗಂಟೆಯಲ್ಲಿ ಹೇಳಿಬಿಡುತ್ತಾರೆ. ಮುಂದಿನ ಸಲ ಅವರು ನಿಮ್ಮ ಊರಿಗೆ ಬಂದಾಗ ಪ್ರದರ್ಶನ ಮುಗಿದ ಮೇಲೆ ಊಟಕ್ಕೆ ಕೂರಿಸಿ ಕೇಳಿ, ಬರೆದುಕೊಳ್ಳಿ. ಯಾವ ಸಲಹಾ ಸಂಸ್ಥೆಯ ವರದಿಯೂ ಅದಕ್ಕೆ ಸಾಟಿಯಲ್ಲ.

ಜಾಗದ ಕಾಗದ

ಕಟ್ಟಡ ನಿಂತಿರುವ ನೆಲ ಯಾರದು ಎಂಬುದು ಖಚಿತವಾಗದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಹಲವು ಕಲಾಸಂಘಗಳ ಕಟ್ಟಡಗಳು ಪುರಸಭೆಯಿಂದ ಗುತ್ತಿಗೆಗೆ ಪಡೆದ ನಿವೇಶನದಲ್ಲಿವೆ. ಗುತ್ತಿಗೆ ಅವಧಿ ಮುಗಿದಿದ್ದರೆ ಮೊದಲು ನವೀಕರಿಸಿಕೊಳ್ಳಿ. ಖಾತೆ, ಚೆಕ್ಕುಬಂದಿ, ಹಳೆಯ ಕಟ್ಟಡ ಪರವಾನಗಿ, ಸರ್ವೆ ನಕ್ಷೆ ಎಲ್ಲವೂ ಒಂದೇ ಫೈಲಿನಲ್ಲಿರಲಿ. ಅನುದಾನ ಕೊಡುವವರು ಕೇಳುವ ಮೊದಲ ಕಾಗದ ಇದೇ. ಪಂಚಾಯತಿ ವ್ಯಾಪ್ತಿಯಾದರೆ ಇ-ಸ್ವತ್ತು ದಾಖಲೆ ಸರಿಯಿದೆಯೇ ನೋಡಿ. ಸಂಘದ ನೋಂದಣಿಯೂ ಚಾಲ್ತಿಯಲ್ಲಿರಬೇಕು. ವರ್ಷವರ್ಷ ಸಲ್ಲಿಸಬೇಕಾದ ಲೆಕ್ಕಪತ್ರ ಬಾಕಿಯಿದ್ದರೆ ಈಗಲೇ ತೀರಿಸಿ.

ಹಳೆಯ ಕಟ್ಟಡದ ತಪಾಸಣೆ

ಇದಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಬೇಕು. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಪರೀಕ್ಷಾ ಉಪಕರಣಗಳಿರುತ್ತವೆ. ಕಾಂಕ್ರೀಟಿನ ಗಟ್ಟಿತನವನ್ನು ಸುತ್ತಿಗೆ ಪರೀಕ್ಷೆಯಿಂದ, ಒಳಗಿನ ಬಿರುಕನ್ನು ಶಬ್ದತರಂಗದ ಪರೀಕ್ಷೆಯಿಂದ ತಿಳಿಯಬಹುದು. ತೊಲೆಯ ಅಡಿಯಲ್ಲಿ ಸಿಮೆಂಟ್ ಕಳಚಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೆ ಮೇಲೆ ಗಾರೆ ಮೆತ್ತಿಸಿ ಬಣ್ಣ ಹೊಡೆಸಬೇಡಿ. ಕರಾವಳಿಯ ಉಪ್ಪುಗಾಳಿಯಲ್ಲಿ ಆ ತುಕ್ಕು ಒಳಗೊಳಗೇ ಹಬ್ಬುತ್ತಿರುತ್ತದೆ.

ಮೇಲೆ ಇನ್ನೊಂದು ಮಹಡಿ ಎಬ್ಬಿಸುವ ಯೋಚನೆಯಿದ್ದರೆ ಒಂದು ಲೆಕ್ಕ ತಿಳಿದಿರಲಿ. ಮನೆಯ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ವಿನ್ಯಾಸವಾಗಿರುತ್ತದೆ. ಜನ ಸೇರುವ ಸಭಾಂಗಣದಲ್ಲಿ ಕುರ್ಚಿಗಳು ನೆಲಕ್ಕೆ ಬಿಗಿದಿದ್ದರೆ ಭಾರತೀಯ ಮಾನಕ ಸಂಹಿತೆ ಸುಮಾರು 400 ಕಿಲೋ ಹಿಡಿಯಿರಿ ಎನ್ನುತ್ತದೆ, ಬಿಗಿಯದಿದ್ದರೆ 500 ಕಿಲೋ. ಹಿಂದೆ ಕಚೇರಿ ಕೋಣೆಯೆಂದು ಕಟ್ಟಿದ್ದರ ತಾರಸಿಯ ಮೇಲೆ ನಲವತ್ತು ಮಕ್ಕಳು ಒಟ್ಟಿಗೆ ನೆಲಕ್ಕೆ ಪಾದ ಬಡಿದು ತಟ್ಟಡವು ಹಾಕುವ ನೃತ್ಯಶಾಲೆ ಮಾಡುವುದು ಅಪಾಯದ ಕೆಲಸ. ಲಯಬದ್ಧವಾಗಿ ಒಟ್ಟಿಗೆ ಬೀಳುವ ಹೆಜ್ಜೆಯ ಕಂಪನ ಬೇರೆ ಸೇರುತ್ತದೆ. ಜಾಗವಿದ್ದರೆ ಹೊಸ ಭಾಗವನ್ನು ಪಕ್ಕದಲ್ಲಿ, ನೆಲಮಟ್ಟದಲ್ಲಿ, ತನ್ನದೇ ಅಡಿಪಾಯದ ಮೇಲೆ ಕಟ್ಟಿ. ಹಳೆಯದಕ್ಕೂ ಹೊಸದಕ್ಕೂ ನಡುವೆ ಸಂದು ಬಿಡಬೇಕು. ಎರಡರ ಅಡಿಪಾಯವೂ ನೆಲದಲ್ಲಿ ಒಂದೇ ಸಮನೆ ಇಳಿದು ಕೂರುವುದಿಲ್ಲ. ಆ ಸಂದಿನ ಮೇಲೆ ಮಳೆನೀರು ಇಳಿಯದ ಹಾಗೆ ತಗಡಿನ ಮುಚ್ಚಿಗೆ ಇಲ್ಲದಿದ್ದರೆ ಮೊದಲ ಮಳೆಗಾಲದಲ್ಲೇ ಗೋಡೆ ತೊಯ್ದುಹೋಗುತ್ತದೆ.

ಹಳೆಯ ಮಾಡಿಗೆ ಕಲ್ನಾರಿನ ಶೀಟು ಹಾಕಿದ್ದರೆ ತೆಗೆಯುವಾಗ ಒಡೆಯಬಾರದು, ಕತ್ತರಿಸಬಾರದು. ನೀರು ಚಿಮುಕಿಸಿ, ಇಡೀ ಶೀಟನ್ನೇ ಇಳಿಸಿ, ಕೆಲಸದವರಿಗೆ ಸರಿಯಾದ ಮಾಸ್ಕ್ ಕೊಡಿಸಿ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ.

ಮಾಡಿನ ಬಗ್ಗೆ ಇನ್ನೊಂದು ಮಾತು. ತಾರಸಿ ಸೋರುವುದನ್ನು ನಿಲ್ಲಿಸದೆ ಒಳಗೆ ಚೆಂದದ ಫಾಲ್ಸ್ ಸೀಲಿಂಗ್ ಕಟ್ಟಿಸುವುದು ನಮ್ಮಲ್ಲಿ ಪದೇಪದೇ ನಡೆಯುತ್ತದೆ. ಎರಡು ಮಳೆಗಾಲದಲ್ಲಿ ಅದು ಕಲೆ ಬಿದ್ದು ಜೋತುಬೀಳುತ್ತದೆ. ಹಾಗೆಯೇ, ಮಲೆನಾಡು ಕರಾವಳಿಯಲ್ಲಿ ಸಭಾಂಗಣದ ನೆತ್ತಿಯ ಮೇಲೆ ನೇರವಾಗಿ ತಗಡಿನ ಶೀಟು ಹೊದಿಸಿದರೆ ಆಷಾಢದ ಮಳೆಯಲ್ಲಿ ಸಂಭಾಷಣೆ ಒಂದಕ್ಷರವೂ ಕೇಳಿಸುವುದಿಲ್ಲ. ಶೀಟಿನ ಅಡಿಯಲ್ಲಿ ಸದ್ದು ತಡೆಯುವ ರಾಕ್‌ವುಲ್ ಹಾಸು, ಅದರ ಕೆಳಗೆ ಅಂತರ ಬಿಟ್ಟು ಎರಡು ಪದರ ಬೋರ್ಡು ಇರಲೇಬೇಕು. ಕೆಳಗೆ ಕಾಂಕ್ರೀಟ್ ಚಾವಣಿ ಇದ್ದು ಸೋರಿಕೆ ತಡೆಯಲೆಂದು ಮೇಲೆ ಶೀಟು ಹಾಕುವುದಾದರೆ ಈ ತೊಂದರೆ ಅಷ್ಟಿಲ್ಲ.

ಹಿಗ್ಗಿಸುವುದಾದರೆ ರಂಗದ ಹಿಂದೆ ಹಿಗ್ಗಿಸಿ

ವಿಸ್ತರಣೆಗೆ ಸಿಗುವ ಪ್ರತಿ ಚದರಡಿಯನ್ನೂ ಈ ಕ್ರಮದಲ್ಲಿ ಕೊಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ: ಮೊದಲು ತಾಲೀಮಿನ ಕೋಣೆ, ಆಮೇಲೆ ರಂಗದ ಅಕ್ಕಪಕ್ಕದ ಜಾಗ, ಬಣ್ಣದ ಕೋಣೆ, ಸಾಮಾನು ಕೋಣೆ, ಚಿತ್ರಶಾಲೆ. ಕಡೆಗೆ ಉಳಿದರೆ ಆಸನ.

ತಾಲೀಮಿನ ಕೋಣೆ ರಂಗದಷ್ಟೇ ಅಗಲವಿರಬೇಕು. ಹದಿನೈದಡಿ ಕೋಣೆಯಲ್ಲಿ ಕಲಿತ ಚಲನೆ ಮೂವತ್ತಡಿ ರಂಗದ ಮೇಲೆ ದಿಕ್ಕು ತಪ್ಪುತ್ತದೆ. ಒಂದು ಗೋಡೆಗೆ ಕನ್ನಡಿ, ಅದಕ್ಕೊಂದು ಪರದೆ. ನೃತ್ಯಕ್ಕೆ ಕನ್ನಡಿ ಬೇಕು, ನಾಟಕದವರಿಗೆ ಅದು ಅಡ್ಡಿ. ಸಭಾಂಗಣದಲ್ಲಿ ಕಾರ್ಯಕ್ರಮ ನಡೆಯುವಾಗಲೂ ತಾಲೀಮು ನಡೆಯುವಂತಿರಬೇಕು. ಹಾಗಾಗಿ ಎರಡರ ನಡುವೆ ಒಂದೇ ಗೋಡೆಯ ಬದಲು ಸಾಮಾನು ಕೋಣೆಯನ್ನೋ ಓಣಿಯನ್ನೋ ತನ್ನಿ. ಚೆಂಡೆಯ ಸದ್ದು ಒಂಬತ್ತಿಂಚಿನ ಗೋಡೆಯನ್ನು ಲೆಕ್ಕಕ್ಕೇ ಇಡುವುದಿಲ್ಲ.

ಬಣ್ಣದ ಕೋಣೆಯ ವಿಷಯದಲ್ಲಿ ನಮ್ಮ ಸರ್ಕಾರಿ ನಕ್ಷೆಗಳು ನಗರದ ನಾಟಕವನ್ನಷ್ಟೇ ನೆನೆದು ಬರೆದವು. ಅಲ್ಲಿ ಗೋಡೆಗುಂಟ ಕನ್ನಡಿ, ಅದರೆದುರು ಕುರ್ಚಿ. ಯಕ್ಷಗಾನದ ಚೌಕಿ ಹಾಗಲ್ಲ. ಕಲಾವಿದರು ಚಾಪೆಯ ಮೇಲೆ ಸಾಲಾಗಿ ಕಾಲು ಚಾಚಿ ಕೂತು, ತಂತಮ್ಮ ಪೆಟ್ಟಿಗೆ ಎದುರಿಗಿಟ್ಟುಕೊಂಡು, ಕೈಗನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುತ್ತಾರೆ. ಒಂದು ಕಡೆ ಗಣಪತಿ ಪೂಜೆಗೆ ಜಾಗ ಬೇಕು. ಕಿರೀಟ ಕಟ್ಟಿದ ಬಣ್ಣದ ವೇಷ ಆರೂವರೆ ಅಡಿ ಬಾಗಿಲಲ್ಲಿ ತೂರುವುದಿಲ್ಲ. ಚೌಕಿಯಿಂದ ರಂಗದವರೆಗೂ ಎಂಟಡಿ ಎತ್ತರದ, ಅಗಲವಾದ ಬಾಗಿಲುಗಳಿರಲಿ. ಬಯಲುಸೀಮೆಯ ಬಯಲಾಟಗಳಾದ ಮೂಡಲಪಾಯಕ್ಕೂ ದೊಡ್ಡಾಟಕ್ಕೂ ಇದೇ ಮಾತು. ಆದ್ದರಿಂದ ಅಡ್ಡಗೋಡೆಗಳಿಲ್ಲದ ಒಂದು ಉದ್ದನೆಯ ಕೋಣೆ, ಅದರ ಒಂದು ತುದಿಯಲ್ಲಿ ಮಹಿಳೆಯರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಎರಡು ಕೋಣೆ ಎಂದು ಯೋಜಿಸಿ. ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ ಬಳಸುತ್ತಾರೆ. ಆ ಎಣ್ಣೆ, ಬಣ್ಣ, ಹತ್ತಿ ಎಲ್ಲ ಸೇರಿ ವಾಷ್‌ಬೇಸಿನ್ ಪೈಪು ಕಟ್ಟಿಕೊಳ್ಳುತ್ತದೆ. ತಳದಲ್ಲಿ ಬಿಚ್ಚಿ ತೊಳೆಯಬಹುದಾದ ಜಿಡ್ಡಿನ ತೊಟ್ಟಿ ಇಡಿಸಿ. ಬಣ್ಣದ ಕೋಣೆಗೇ ಶೌಚಾಲಯ ಹೊಂದಿಕೊಂಡಿರಲಿ. ವೇಷ ತೊಟ್ಟ ನಟಿ ಪ್ರೇಕ್ಷಕರ ನಡುವೆ ಹಾದು ಶೌಚಾಲಯಕ್ಕೆ ಹೋಗಬೇಕಾದ ಕಟ್ಟಡಗಳು ಇಂದಿಗೂ ಇವೆ.

ರಂಗ

ರಂಗದ ಬಾಯಿ, ಅಂದರೆ ಪ್ರೇಕ್ಷಕರ ಕಡೆಗೆ ತೆರೆದ ಅಗಲ, 30 ಅಡಿ, ಆಳ 24 ಅಡಿ, ಎರಡೂ ಕಡೆ ಪ್ರೇಕ್ಷಕರಿಗೆ ಕಾಣದಂತೆ ತಲಾ 10 ಅಡಿಯ ವಿಂಗ್ ಸಿಕ್ಕರೆ ಊರಿನ ಮಟ್ಟಿಗೆ ಬಹಳ ಒಳ್ಳೆಯದು. ಬಾಯಿ ಸ್ವಲ್ಪ ಕಿರಿದಾದರೂ ಪರವಾಗಿಲ್ಲ, ವಿಂಗ್ ಮಾತ್ರ ಬಿಡಬೇಡಿ. ಹಿನ್ನೆಲೆಯ ಪರದೆಗೂ ಹಿಂಗೋಡೆಗೂ ನಡುವೆ ಒಬ್ಬರು ಓಡಾಡುವಷ್ಟು, ಮೂರಡಿಯಾದರೂ ದಾರಿ ಇರಲಿ. ಬಲದಿಂದ ನಿರ್ಗಮಿಸಿದವ ಎಡದಿಂದ ಬರಬೇಕಾದರೆ ಕಟ್ಟಡ ಸುತ್ತಿ ಮಳೆಯಲ್ಲಿ ಓಡುವಂತಾಗಬಾರದು.

ಎತ್ತರ ಇನ್ನೊಂದು ತೊಡಕು. ಸಮತಟ್ಟು ನೆಲದ ಮೇಲೆ ಕುರ್ಚಿ ಹಾಕಿ, ಹಿಂದಿನವರಿಗೂ ಕಾಣಲೆಂದು ವೇದಿಕೆಯನ್ನು ನಾಲ್ಕೈದು ಅಡಿ ಎಬ್ಬಿಸುತ್ತಾರೆ. ಮುಂದಿನ ಸಾಲಿನವರಿಗೆ ನರ್ತಕಿಯ ಪಾದವೇ ಕಾಣುವುದಿಲ್ಲ. ಭರತನಾಟ್ಯದಲ್ಲಿ, ಯಕ್ಷಗಾನದಲ್ಲಿ ಅರ್ಧ ಕಲೆ ಇರುವುದೇ ಕಾಲಿನಲ್ಲಿ. ವೇದಿಕೆ ಎರಡೂವರೆಯಿಂದ ಮೂರಡಿ ಸಾಕು. ಎತ್ತರವನ್ನು ಪ್ರೇಕ್ಷಕರ ನೆಲಕ್ಕೆ ಕೊಡಿ: ಹಿಂದೆ ಹೋದಂತೆ ಏರುವ ಮೆಟ್ಟಿಲು ಸಾಲು ಇರಲಿ. ಪ್ರತಿಯೊಬ್ಬರ ನೋಟವೂ ಮುಂದಿನವರ ತಲೆಯನ್ನು ನಾಲ್ಕೈದು ಇಂಚು ದಾಟಿ ಹೋಗುವಂತೆ ನಕ್ಷೆಯಲ್ಲೇ ಗೆರೆ ಎಳೆಸಿ ನೋಡಿ. ಹೀಗೆ ಮಾಡಿದಾಗ ಆಸನ ಸ್ವಲ್ಪ ಕಡಿಮೆಯಾಗುತ್ತದೆ. ಆಗಲಿ.

ನೆಲ ಮರದ್ದಾಗಿರಬೇಕು, ಅದೂ ಕಾಂಕ್ರೀಟಿಗೆ ನೇರ ಅಂಟಿಸಿದ್ದಲ್ಲ. ರಬ್ಬರ್ ತುಂಡುಗಳ ಮೇಲೆ ಮರದ ರೀಪು, ಅಡ್ಡಡ್ಡ ಇನ್ನೊಂದು ಸುತ್ತು ರೀಪು, ಮೇಲೆ ಎರಡು ಪದರ ಪ್ಲೈವುಡ್. ಕಾಲಿಟ್ಟರೆ ತುಸು ಬಳುಕಿ ಎದ್ದು ಬರಬೇಕು. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ನೆಲದಲ್ಲಿ ವರ್ಷಗಟ್ಟಲೆ ಅಡವು ಹಾಕಿದ ಮಕ್ಕಳ ಮಂಡಿ, ಹಿಮ್ಮಡಿ ಏನಾಗುತ್ತದೆಂದು ಯಾವುದೇ ನೃತ್ಯಗುರುವನ್ನು ಕೇಳಿ. ತಾಲೀಮಿನ ಕೋಣೆಗೂ ಇದೇ ನೆಲ ಬೇಕು, ಏಕೆಂದರೆ ಮಕ್ಕಳು ದಿನದಿನ ಕುಣಿಯುವುದು ಅಲ್ಲಿ. ಗೆದ್ದಲಿನ ಔಷಧ ಹೊಡೆಸುವುದು, ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡುವುದು ಮರೆಯದಿರಿ. ಮೇಲೆ ಹೊಳೆಯುವ ಪಾಲಿಶ್ ಬೇಡ. ಕಪ್ಪು ಮ್ಯಾಟ್ ಬಣ್ಣ ಇರಲಿ, ಬೆಳಕು ಪ್ರತಿಫಲಿಸುವುದಿಲ್ಲ, ಮೊಳೆ ಹೊಡೆದ ಗುರುತನ್ನು ಮತ್ತೆ ಬಳಿದು ಮುಚ್ಚಬಹುದು.

ಮಾತು ಕೇಳಿಸಬೇಕು

ನಾಟಕದ ಸಭಾಂಗಣದಲ್ಲಿ ಸದ್ದು ಉಳಿದು ನಿಧಾನವಾಗಿ ಅಡಗುವ ಅವಧಿ ಒಂದು ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಬರೀ ಗಾರೆ ಗೋಡೆಯ ಹಾಲ್‌ನಲ್ಲಿ ಅದು ಮೂರು ನಾಲ್ಕು ಸೆಕೆಂಡೂ ಇರುತ್ತದೆ. ಹಿಂದಿನ ಅಕ್ಷರ ಅಡಗುವ ಮೊದಲೇ ಮುಂದಿನದು ಅದರ ಮೇಲೆ ಬೀಳುತ್ತದೆ. ಇಂಥಲ್ಲಿ ಮೈಕಿನ ದನಿ ಏರಿಸಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ.

ಲೆಕ್ಕ ಕಷ್ಟವಿಲ್ಲ. 60 ಅಡಿ ಉದ್ದ, 40 ಅಡಿ ಅಗಲ, 20 ಅಡಿ ಎತ್ತರದ ಹಾಲ್ ಎಂದುಕೊಳ್ಳಿ. ಒಳಗಿನ ಗಾತ್ರ ಸುಮಾರು 1,360 ಘನ ಮೀಟರ್. ಇದನ್ನು ಈ ಲೆಕ್ಕದ ಸ್ಥಿರಸಂಖ್ಯೆಯಾದ 0.161ರಿಂದ ಗುಣಿಸಿ, ಬೇಕಾದ ಅವಧಿಯಾದ 1 ಸೆಕೆಂಡಿನಿಂದ ಭಾಗಿಸಿದರೆ 219 ಬರುತ್ತದೆ. ಅಂದರೆ ಪೂರ್ತಿ ಸದ್ದು ಹೀರುವ 219 ಚದರ ಮೀಟರ್ ಮೈ ಬೇಕು. ಕೂತ ಒಬ್ಬ ಪ್ರೇಕ್ಷಕ ಸುಮಾರು 0.45 ಚದರ ಮೀಟರಿನಷ್ಟು ಹೀರುತ್ತಾನೆ; 300 ಜನರಿಂದ 135. ಗೋಡೆ, ಚಾವಣಿಗಳಿಂದ ಹದಿನೆಂಟೋ ಇಪ್ಪತ್ತೋ. ಉಳಿದ 65 ಚದರ ಮೀಟರನ್ನು ನೀವು ಒದಗಿಸಬೇಕು. ಬಿದ್ದ ಸದ್ದಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಹೀರುವ ಬೋರ್ಡು ತಂದರೆ ಸುಮಾರು ಸಾವಿರ ಚದರಡಿ ಸಾಕು. ಈ ಹಾಲ್‌ನ ಹಿಂಗೋಡೆಯೇ 800 ಚದರಡಿ ಇದೆ. ಹಿಂಗೋಡೆ ಪೂರ್ತಿ, ಪಕ್ಕದ ಗೋಡೆಗಳ ಹಿಂಭಾಗದಲ್ಲಿ ಒಂದಿಷ್ಟು ಹೊದಿಸಿದರೆ ಮುಗಿಯಿತು. ನಾಲ್ಕೂ ಗೋಡೆಗೆ, ಚಾವಣಿಗೆ ಎಲ್ಲ ಹೊದಿಸಿ ಎನ್ನುವ ಗುತ್ತಿಗೆದಾರನ ಎಸ್ಟಿಮೇಟನ್ನು ಈ ಲೆಕ್ಕ ಹಿಡಿದು ಪ್ರಶ್ನಿಸಿ. ಅತಿಯಾಗಿ ಹೀರಿಸಿದ ಹಾಲ್‌ನಲ್ಲಿ ಹಾಡುವವರಿಗೆ ತಮ್ಮ ದನಿಯೇ ತಮಗೆ ಕೇಳಿಸದೆ ಸಂಗೀತ ಕಚೇರಿ ಸೊರಗುತ್ತದೆ. ಸಂಗೀತಕ್ಕೆ ಒಂದೂವರೆ ಸೆಕೆಂಡ್ ಹತ್ತಿರದ ಉಳಿಕೆ ಹಿತ. ಎರಡಕ್ಕೂ ಬಳಸುವ ಹಾಲ್ ಆದರೆ ಪಕ್ಕದ ಗೋಡೆಗೆ ದಪ್ಪ ಪರದೆ ಹಾಕಿ, ನಾಟಕಕ್ಕೆ ಎಳೆದು, ಕಚೇರಿಗೆ ಸರಿಸಿ.

ರಂಗದ ಹತ್ತಿರದ ಗೋಡೆಗಳನ್ನೂ ಅದರ ಮೇಲಿನ ಚಾವಣಿಯನ್ನೂ ಗಟ್ಟಿಯಾಗಿಯೇ ಬಿಡಿ. ನಟನ ದನಿಯನ್ನು ಹಿಂದಕ್ಕೆ ತಲುಪಿಸುವವು ಅವೇ.

ಗದ್ದಲದ ಮೂಲಗಳನ್ನೂ ಹುಡುಕಿ. ಹಳೆಯ ಫ್ಯಾನು, ಜನರೇಟರ್, ರಸ್ತೆಯ ಕಡೆಯ ಕಿಟಕಿ, ಕಿರುಗುಟ್ಟುವ ಬಾಗಿಲು. ಹವಾನಿಯಂತ್ರಣದ ಬಗ್ಗೆ ತುಂಬ ಯೋಚಿಸಿ ನಿರ್ಧರಿಸಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದಿಲ್ಲದೆ ಮುಚ್ಚಿದ ಹಾಲ್‌ನಲ್ಲಿ ಕೂರುವುದು ಕಷ್ಟ. ಆದರೆ ಯಂತ್ರ ಕೂರಿಸಲು ದಾನಿ ಸಿಗುತ್ತಾನೆ, ತಿಂಗಳ ಬಿಲ್ಲಿಗೆ ಸಿಗುವುದಿಲ್ಲ. ಬಿಲ್ಲಿನ ಭಾರ ಬಾಡಿಗೆಗೆ ಸೇರಿದೊಡನೆ ಊರಿನ ಹವ್ಯಾಸಿ ತಂಡ ಹೊರಗೆ ಬೀಳುತ್ತದೆ. ಮಲೆನಾಡಿನ ಊರುಗಳಲ್ಲಿ ಮೇಲೆ ಬಿಸಿಗಾಳಿ ಹೊರಹೋಗುವ ಕಂಡಿ, ಕೆಳಗೆ ತಂಪು ಗಾಳಿ ಬರುವ ದಾರಿ, ಸದ್ದಿಲ್ಲದ ಹೊಸ ಬಗೆಯ ಫ್ಯಾನುಗಳು ಸಾಕಾಗುತ್ತವೆ.

ಬೆಳಕು, ವಿದ್ಯುತ್

ಹಳೆಯ ವೈರಿಂಗನ್ನು ತೇಪೆ ಹಾಕದೆ ಪೂರ್ತಿ ಬದಲಿಸಿ. ರಂಗದ ಬೆಳಕಿಗೆ ಒಂದು ಫೇಸ್, ಧ್ವನಿಗೆ ಇನ್ನೊಂದು, ಫ್ಯಾನು ದೀಪಕ್ಕೆ ಮತ್ತೊಂದು ಎಂದು ಬೇರ್ಪಡಿಸಿ. ಧ್ವನಿಗೆ ಪ್ರತ್ಯೇಕ ಅರ್ಥಿಂಗ್ ಇಲ್ಲದಿದ್ದರೆ ಬೆಳಕು ಏರಿಳಿಸುವ ಡಿಮ್ಮರ್ ಏರಿಸಿದಾಗಲೆಲ್ಲ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ.

ಹಿಂದೆ ಒಂದು ಕಿಲೋವ್ಯಾಟಿನ ಇಪ್ಪತ್ನಾಲ್ಕು ದೀಪ ಹಚ್ಚಿದರೆ 24 ಕಿಲೋವ್ಯಾಟ್ ಬೇಕಿತ್ತು. ಅದೇ ಸಂಖ್ಯೆಯ 200 ವ್ಯಾಟ್ ಎಲ್‌ಇಡಿಗೆ ಐದು ಕಿಲೋವ್ಯಾಟ್ ಕೂಡ ಬೇಡ. ವಿದ್ಯುತ್ ಕಂಪನಿಯ ನಿಗದಿ ಶುಲ್ಕ ಮಂಜೂರಾದ ಲೋಡಿನ ಮೇಲೆ ಬೀಳುವುದರಿಂದ ಕಾರ್ಯಕ್ರಮ ಇಲ್ಲದ ತಿಂಗಳಲ್ಲೂ ಉಳಿತಾಯವಾಗುತ್ತದೆ. ಆದರೂ ಎರಡು ಮೂರು ಹಳೆಯ ಬಲ್ಬಿನ ಸ್ಪಾಟ್ ಇಟ್ಟುಕೊಳ್ಳಿ. ಮುಖದ ಬಣ್ಣಕ್ಕೆ ಆ ಬೆಚ್ಚನೆಯ ಬೆಳಕು ಕೊಡುವ ಜೀವ ಅಗ್ಗದ ಎಲ್‌ಇಡಿಯಲ್ಲಿ ಬರುವುದಿಲ್ಲ.

ದೀಪ ಕಟ್ಟುವ ಬಾರ್‌ಗಳು ರಂಗದ ಮೇಲೆ ನಾಲ್ಕು, ಪ್ರೇಕ್ಷಕರ ಮೇಲೆ ಒಂದಾದರೂ ಇರಲಿ. ಪ್ರೇಕ್ಷಕರ ಮೇಲಿನದು ನಟನ ಮುಖಕ್ಕೆ ಸುಮಾರು 45 ಡಿಗ್ರಿಯಲ್ಲಿ ಬೆಳಕು ಬೀಳುವ ದೂರದಲ್ಲಿರಬೇಕು. ಬಾರ್‌ಗಳ ಭಾರ ಹೊರುವ ಕೊಕ್ಕೆಗಳನ್ನು ಸ್ಟ್ರಕ್ಚರಲ್ ಇಂಜಿನಿಯರೇ ಒಪ್ಪಬೇಕು, ಎಲೆಕ್ಟ್ರಿಷಿಯನ್ ಅಲ್ಲ. ನಿಯಂತ್ರಣ ಕೋಣೆ ಹಾಲ್‌ನ ಹಿಂದೆ ಇರಲಿ, ಅದರ ಗಾಜು ಸರಿಸಲು ಬರಲಿ. ಮುಚ್ಚಿದ ಗಾಜಿನೊಳಗೆ ಕೂತು ಧ್ವನಿ ನಿಭಾಯಿಸುವುದು ಆಗದ ಮಾತು.

ಚಿತ್ರಶಾಲೆ, ಗ್ಯಾಲರಿ

ರಂಗಮಂದಿರಕ್ಕೆ ಗ್ಯಾಲರಿ ಸೇರಿಸುವುದು ಒಳ್ಳೆಯ ಯೋಚನೆ. ಮೈಸೂರಿನ ಕಲಾಮಂದಿರದ ಆವರಣದಲ್ಲಿ ರಂಗಾಯಣದ ಭೂಮಿಗೀತ, ವನರಂಗಗಳ ಜೊತೆಗೆ ಸುಚಿತ್ರ ಕಲಾ ಗ್ಯಾಲರಿಯೂ ಇದೆ. ನಾಟಕಕ್ಕೆ ಅರ್ಧ ಗಂಟೆ ಮೊದಲು ಬಂದವರು ಚಿತ್ರ ನೋಡುತ್ತಾರೆ, ಚಿತ್ರಕ್ಕೆಂದು ಬಂದವರು ಟಿಕೆಟ್ ಕೊಳ್ಳುತ್ತಾರೆ. ಗ್ಯಾಲರಿಯನ್ನು ಸಭಾಂಗಣದ ಮೊಗಸಾಲೆಗೆ ಹೊಂದಿಸಿ ಕಟ್ಟಿ, ಬಾಗಿಲು ಮಾತ್ರ ಬೇರೆಯಾಗಿಡಿ.

ಗ್ಯಾಲರಿಗೆ ಬೇಕಾದ್ದು ಗೋಡೆ, ಕಿಟಕಿಯಲ್ಲ. ಕನಿಷ್ಠ ಹತ್ತಡಿ ಎತ್ತರದ ನೇರ ಗೋಡೆಗೆ ಪ್ಲೈವುಡ್ ಹೊದಿಸಿ ಬಿಳಿ ಬಳಿದರೆ ಎಲ್ಲಿ ಬೇಕಾದರೂ ಮೊಳೆ ಹೊಡೆಯಬಹುದು, ಗಾರೆ ಉದುರುವುದಿಲ್ಲ. ಚಿತ್ರದ ನಡುಮಧ್ಯ ನೆಲದಿಂದ ಸುಮಾರು ಐದಡಿ ಎತ್ತರದಲ್ಲಿ ಬರಲಿ. ಎಣ್ಣೆಬಣ್ಣದ ಚಿತ್ರಕ್ಕೆ 200 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಸಾಕು. ಕಾಗದದ ಜಲವರ್ಣ, ಬಟ್ಟೆ, ತೊಗಲುಗೊಂಬೆಗಳಿಗೆ 50ಕ್ಕಿಂತ ಹೆಚ್ಚು ಬೇಡ, ಬಣ್ಣ ಮಾಸುತ್ತದೆ. ನೇರ ಬಿಸಿಲಂತೂ ಬೀಳಲೇಬಾರದು. ಹೊಸ ಗೋಡೆ ಪೂರ್ತಿ ಒಣಗುವವರೆಗೆ ಬೆಲೆಬಾಳುವ ಯಾವ ಚಿತ್ರವನ್ನೂ ತೂಗುಹಾಕಬೇಡಿ. ಹಸಿ ಗಾರೆಯ ತೇವ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿಸುತ್ತದೆ.

ಕೆಲಸ ಮಾಡುವ ಚಿತ್ರಶಾಲೆಗೆ ಉತ್ತರ ದಿಕ್ಕಿನ ದೊಡ್ಡ ಕಿಟಕಿ ಒಳ್ಳೆಯದು. ಮಣ್ಣಿನ ಕೆಲಸ, ಶಿಲ್ಪ ಇದ್ದರೆ ಅದನ್ನು ಬೇರೆ ಕೋಣೆಗೆ ಹಾಕಿ. ಕಲ್ಲಿನ ಧೂಳು ಪಕ್ಕದ ಕೋಣೆಯ ಎಲ್ಲವನ್ನೂ ಮುತ್ತುತ್ತದೆ. ಸಿಂಕಿನ ಕೆಳಗೆ ಮಣ್ಣು ತಳಕ್ಕೆ ಕೂರುವ ತೊಟ್ಟಿ ಇರಲಿ. ಮುದ್ರಣಕಲೆಗೆ ಆಮ್ಲ ಬಳಸುವುದಾದರೆ ಹೊಗೆ ಹೊರದೂಡುವ ಫ್ಯಾನು ಇಲ್ಲದೆ ಆರಂಭಿಸಬೇಡಿ.

ದಾರಿ, ಬಾಗಿಲು, ಶೌಚಾಲಯ

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಟ್ರಾನ್ಸ್‌ಫಾರ್ಮರಿನಿಂದ ಎದ್ದ ಹೊಗೆ ಒಳಗೆ ತುಂಬಿತು. ಬಾಲ್ಕನಿಯಲ್ಲಿ ಹೆಚ್ಚುವರಿ ಆಸನ ಹಾಕಲೆಂದು ಓಡಾಡುವ ದಾರಿಯನ್ನು ಮುಚ್ಚಿದ್ದರಿಂದ ಜನ ಹೊರಬರಲಾಗಲಿಲ್ಲ. ನಾಲ್ಕು ಆಸನ ಹೆಚ್ಚಿಸಲು ದಾರಿ ಕಿರಿದು ಮಾಡೋಣ ಎಂದು ಸಭೆಯಲ್ಲಿ ಯಾರಾದರೂ ಅಂದಾಗ ಈ ಸಂಗತಿಯನ್ನು ಗಟ್ಟಿಯಾಗಿ ಓದಿ ಹೇಳಿ. ಹೊರಹೋಗುವ ಬಾಗಿಲುಗಳು ಹೊರಕ್ಕೇ ತೆರೆಯಬೇಕು, ಕಾರ್ಯಕ್ರಮದ ವೇಳೆ ಬೀಗ ಇರಕೂಡದು. ರಂಗದ ಹಿಂದಿನಿಂದಲೂ ನೇರ ಬಯಲಿಗೆ ಒಂದು ಬಾಗಿಲು ಬೇಕು. ಜನರೇಟರ್, ಡೀಸೆಲ್ ಕಟ್ಟಡದ ಹೊರಗೆ ಇರಲಿ. ಪರದೆಗಳಿಗೆ ಬೆಂಕಿ ತಡೆಯುವ ದ್ರಾವಣ ಹೊಡೆಸಿ. ಅಗ್ನಿಶಾಮಕ ಠಾಣೆಯವರನ್ನು ಕಟ್ಟಡ ಮುಗಿದ ಮೇಲೆ ಕರೆಯುವ ಬದಲು ನಕ್ಷೆಯ ಹಂತದಲ್ಲೇ ಕರೆದು ತೋರಿಸಿ.

ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿರಬೇಕು. ಮೂರಡಿ ವೇದಿಕೆಗೆ 36 ಅಡಿ ಉದ್ದ. ಸಭಾಂಗಣಕ್ಕೆ ಇಳಿಜಾರು ಮಾಡಿಸಿ ವೇದಿಕೆಗೆ ಮರೆತುಬಿಡುತ್ತಾರೆ. ಅಂಗವಿಕಲರು ನೋಡಲಿಕ್ಕಷ್ಟೇ ಬರುವವರಲ್ಲ, ಹಾಡಲಿಕ್ಕೂ ನಟಿಸಲಿಕ್ಕೂ ಬರುವವರು. ರಂಗದ ಹಿಂಭಾಗದಲ್ಲಿ ಆ ಇಳಿಜಾರು ತಂದರೆ ಸೆಟ್ ತಳ್ಳಿಕೊಂಡು ಬರುವುದಕ್ಕೂ ಅದೇ ಆಗುತ್ತದೆ.

ಮಹಿಳೆಯರ ಶೌಚಾಲಯಗಳ ಸಂಖ್ಯೆ ಪುರುಷರದಕ್ಕಿಂತ ಹೆಚ್ಚಿರಲಿ. ಹತ್ತು ನಿಮಿಷದ ವಿರಾಮ ಮುಗಿದರೂ ಸಾಲು ಕರಗದಿದ್ದರೆ ಅವರಲ್ಲಿ ಎಷ್ಟೋ ಮಂದಿ ಎರಡನೇ ಅಂಕಕ್ಕೆ ತಡವಾಗಿ ಬರುತ್ತಾರೆ, ಕೆಲವರು ಮುಂದಿನ ನಾಟಕಕ್ಕೆ ಬರುವುದನ್ನೇ ಬಿಡುತ್ತಾರೆ.

ಹಣ

ಇಡೀ ಕೆಲಸವನ್ನು ಹಂತಗಳಾಗಿ ಒಡೆಯಿರಿ, ಪ್ರತಿ ಹಂತ ಮುಗಿದಾಗಲೂ ಕಟ್ಟಡ ಬಳಕೆಗೆ ಬರುವಂತಿರಲಿ. ಮೊದಲ ಹಂತ ಮಾಡು, ವಿದ್ಯುತ್, ಬಾಗಿಲು, ಶೌಚಾಲಯ. ಎರಡನೆಯದು ರಂಗ ಮತ್ತು ತಾಲೀಮಿನ ಕೋಣೆ. ಮೂರನೆಯದು ಗ್ಯಾಲರಿ, ಆಸನ, ಮುಂಭಾಗದ ಅಂದಚೆಂದ. ಎಲ್ಲವನ್ನೂ ಒಟ್ಟಿಗೆ ಕಿತ್ತುಹಾಕಿ ಅರ್ಧದಲ್ಲಿ ಹಣ ಮುಗಿದು ಪಾಳುಬಿದ್ದ ಕಟ್ಟಡಗಳನ್ನು ನೀವೂ ನೋಡಿರುತ್ತೀರಿ. ಅಂದಾಜಿನ ಮೇಲೆ ನೂರಕ್ಕೆ ಹದಿನೈದರಷ್ಟು ತೆಗೆದಿಡಿ. ಹಳೆಯ ಕಟ್ಟಡ ಬಿಚ್ಚಿದಾಗ ಒಳಗೇನಿದೆಯೆಂದು ಮೊದಲೇ ಯಾರಿಗೂ ತಿಳಿಯದು.

ಕೇಂದ್ರದ ಸಂಸ್ಕೃತಿ ಸಚಿವಾಲಯದಲ್ಲಿ ಸಣ್ಣ ರಂಗಮಂದಿರಗಳೂ ಸೇರಿದಂತೆ ಕಲಾಸಂಸ್ಥೆಗಳಿಗೆ ಕಟ್ಟಡ ಅನುದಾನದ ಯೋಜನೆಯಿದೆ, ದೊಡ್ಡ ಸಂಕೀರ್ಣಗಳಿಗೆ ಟಾಗೋರ್ ಹೆಸರಿನ ಇನ್ನೊಂದು ಯೋಜನೆಯಿದೆ. ರಾಜ್ಯದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿಗಳಿವೆ. ಸರ್ಕಾರಿ ಹಣದ ಕೆಲಸ ಹೆಚ್ಚಾಗಿ ಲೋಕೋಪಯೋಗಿ ಇಲಾಖೆ ಅಥವಾ ನಿರ್ಮಿತಿ ಕೇಂದ್ರದ ಮೂಲಕ ನಡೆಯುತ್ತದೆ. ಅವರ ಎಸ್ಟಿಮೇಟಿನಲ್ಲಿ ಮರದ ನೆಲವೂ ಧ್ವನಿ ಬೋರ್ಡೂ ಬೆಳಕಿನ ಬಾರೂ ಸೇರಿವೆಯೇ ಎಂದು ಮಂಜೂರಾತಿಗೆ ಮೊದಲೇ ನೋಡಿ. ಆಮೇಲೆ ಸೇರಿಸಲು ಆಗುವುದಿಲ್ಲ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಕಲೆ, ಸಂಸ್ಕೃತಿಯೂ ಸೇರಿರುವುದರಿಂದ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ಕೇಳಬಹುದು. ಅದಕ್ಕೆ ಆದಾಯ ತೆರಿಗೆ ರಿಯಾಯಿತಿಯ 12ಎ, 80ಜಿ ಮತ್ತು ಈ ನಿಧಿ ಪಡೆಯುವ ಸಂಸ್ಥೆಗಳಿಗಿರುವ ಸಿಎಸ್‌ಆರ್-1 ನೋಂದಣಿ ಮಾಡಿಸಿಕೊಂಡಿರಬೇಕು.

ದೊಡ್ಡ ದಾನಿ ಬಂದಾಗ ಕೇಂದ್ರದ ಆಡಳಿತ ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಿಸಿ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಸರ್ಕಾರದ ಯೋಜನೆಯ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದರು. ಅವರ ಪ್ರಶ್ನೆ ಗೋಡೆ ಚೆನ್ನಾಗಿರಬೇಕೇ ಬೇಡವೇ ಎಂಬುದಲ್ಲ. ಕಡಿಮೆ ಬಾಡಿಗೆಗೆ ಯಾವ ಕಲಾವಿದನಿಗೂ ಸಿಗುತ್ತಿದ್ದ ಜಾಗ ಮುಂದೆಯೂ ಹಾಗೇ ಸಿಗುತ್ತದೆಯೇ ಎಂಬುದು.

ಕೆಲಸದ ಕಾಲ

ನಾಟಕ, ಆಟಗಳ ಸುಗ್ಗಿ ದೀಪಾವಳಿಯಿಂದ ಆರಂಭವಾಗುತ್ತದೆ. ಕರಾವಳಿಯ ಯಕ್ಷಗಾನ ಮೇಳಗಳು ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಮಾಡು ಬಿಚ್ಚುವ ಕೆಲಸಕ್ಕೆ ಬೇಕಾದ ಒಣ ಹವೆಯೂ ಅದೇ ತಿಂಗಳುಗಳಲ್ಲಿ. ಹಾಗಾಗಿ ಅರ್ಧ ಸುಗ್ಗಿ ಬಿಟ್ಟುಕೊಡದೆ ಗತಿಯಿಲ್ಲ. ಫೆಬ್ರವರಿಯಲ್ಲಿ ಮಾಡಿಗೆ ಕೈಹಾಕಿ ಮೇ ಮಧ್ಯದೊಳಗೆ ಮುಚ್ಚಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಳಗಿನ ಕೆಲಸ ಮಾಡಿಸಿ, ರಾಜ್ಯೋತ್ಸವಕ್ಕೆ ತೆರೆಯಿರಿ. ಟೆಂಡರ್, ಮಂಜೂರಾತಿಗಳನ್ನು ಜನವರಿಯೊಳಗೆ ಮುಗಿಸಿದ್ದರೆ ಮಾತ್ರ ಈ ಲೆಕ್ಕ ಹೊಂದುತ್ತದೆ. ಮುಚ್ಚಿದ ತಿಂಗಳುಗಳಲ್ಲಿ ತಾಲೀಮು ನಿಲ್ಲಬಾರದು. ಶಾಲೆಯ ಹಾಲ್, ದೇವಸ್ಥಾನದ ಪೌಳಿ, ಯಾರದಾದರೂ ಅಂಗಳ ಗೊತ್ತುಮಾಡಿಕೊಳ್ಳಿ.

ವಾರಕ್ಕೊಮ್ಮೆ ಸಮಿತಿಯಿಂದ ಇಬ್ಬರು, ಕಲಾವಿದರಿಂದ ಒಬ್ಬರು ಕೆಲಸ ನೋಡಲು ಹೋಗಲಿ. ವೈರು, ಪೈಪು ಗೋಡೆಯೊಳಗೆ ಮುಚ್ಚುವ ಮೊದಲು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ.

ತೆರೆದ ಮೇಲೆ

ಉದ್ಘಾಟನೆಗೆ ಮೊದಲೇ ಬಾಡಿಗೆ ನಿಯಮ ಬರೆದಿಡಿ. ಹೊಸ ಹಾಲ್ ಕಂಡೊಡನೆ ಮದುವೆ, ಆರತಕ್ಷತೆಗೆ ಕೇಳುವವರು ಬರುತ್ತಾರೆ, ಅವರು ಕೊಡುವ ಹಣವೂ ಹೆಚ್ಚು. ಮುಹೂರ್ತದ ದಿನಗಳೆಲ್ಲ ಅವರ ಪಾಲಾದರೆ ನಾಟಕದವರಿಗೆ ಸಿಗುವುದು ಬೇಡದ ದಿನಗಳು. ನನ್ನ ಸಲಹೆ: ರಂಗಸಭಾಂಗಣವನ್ನು ಮದುವೆಗೆ ಕೊಡಲೇಬೇಡಿ, ಮರದ ನೆಲದ ಮೇಲೆ ಊಟದ ಪಂಕ್ತಿ ಬಿದ್ದ ದಿನವೇ ಅದರ ಆಯುಷ್ಯ ಮುಗಿಯಿತು. ಕೊಡಲೇಬೇಕಾದ ಅನಿವಾರ್ಯವಿದ್ದರೆ ಹೊರಗಿನ ಅಂಗಳ ಕೊಡಿ, ವರ್ಷದಲ್ಲಿ ಇಂತಿಷ್ಟು ಶನಿವಾರ ಭಾನುವಾರ ಕಲೆಗೇ ಮೀಸಲೆಂದು ಬೈಲಾದಲ್ಲಿ ಸೇರಿಸಿ. ತಾಲೀಮಿನ ಕೋಣೆಯ ಶುಲ್ಕ ಕಾಲೇಜು ಹುಡುಗರ ಜೇಬಿಗೆ ಎಟುಕುವಂತಿರಲಿ. ಬರುವ ಬಾಡಿಗೆಯಲ್ಲಿ ಒಂದು ಪಾಲನ್ನು ದುರಸ್ತಿ ನಿಧಿಯೆಂದು ಬೇರೆ ಖಾತೆಗೆ ಹಾಕಿ, ಅದನ್ನು ಬೇರಾವುದಕ್ಕೂ ಮುಟ್ಟಬೇಡಿ.

ಗುತ್ತಿಗೆದಾರನಿಂದ ಕಟ್ಟಿದಂತೆಯೇ ಬರೆದ ಅಂತಿಮ ನಕ್ಷೆ, ವೈರಿಂಗ್ ಚಿತ್ರ, ಗ್ಯಾರಂಟಿ ಕಾರ್ಡು, ಬಣ್ಣದ ಸಂಖ್ಯೆ, ಬೋರ್ಡಿನ ಕಂಪನಿ ಹೆಸರು ಎಲ್ಲ ಪಡೆದು ಫೈಲ್ ಮಾಡಿ. ಬಿಲ್ಲಿನಲ್ಲಿ ತಡೆಹಿಡಿದ ಭದ್ರತಾ ಹಣವನ್ನು ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಬಿಡುಗಡೆ ಮಾಡಬೇಡಿ. ಆ ಮಳೆಗಾಲದಲ್ಲಿ ಒಮ್ಮೆಯಾದರೂ ಮೈಕಿಲ್ಲದೆ ಒಂದು ನಾಟಕ ಆಡಿಸಿ, ಕೊನೆಯ ಸಾಲಿನ ಎರಡೂ ಮೂಲೆಯಲ್ಲಿ ಸಮಿತಿಯವರನ್ನು ಕೂರಿಸಿ, ಕೇಳದ ಸಂಭಾಷಣೆ, ಸೋರುವ ಜಾಗ, ಉರಿಯದ ದೀಪ ಎಲ್ಲವನ್ನೂ ಅಲ್ಲೇ ಬರೆಸಿಕೊಂಡು, ಮರುದಿನ ಬೆಳಿಗ್ಗೆ ಆ ಪಟ್ಟಿಯನ್ನು ಗುತ್ತಿಗೆದಾರನ ಕೈಗೆ ಕೊಡಿ.